ಎರಡು ಸಾಲಿನ ಹಿನ್ನೆಲೆ

"ಹಿನ್ನೆಲೆ ಅಂದ್ರೆ ಏನು ಬರೀಬೇಕೋ?" ಎಂದು ಭಾವ ಮೂರನೆಯ ಸಲ ಕೇಳಿದಾಗ ಟಿಂಕರ್ ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೂತಿದ್ದ. ಅವನ ತೊಡೆಯ ಮೇಲಿನ ಹಾಳೆಯಲ್ಲಿ ಐದು ವಾದ್ಯಗಳ ಹೆಸರು ಅಚ್ಚಾಗಿದ್ದವು, ಒಂದೊಂದರ ಕೆಳಗೆ ಎರಡೆರಡು ಖಾಲಿ ಸಾಲು. ಎಲ್ಲಕ್ಕಿಂತ ಮೇಲೆ ಪ್ರಶ್ನೆ: ಕಲಾವಿದರ ಸಂಗೀತ ಹಿನ್ನೆಲೆ, ಯಾರಲ್ಲಿ, ಎಲ್ಲಿ, ಎಷ್ಟು ವರ್ಷ ಕಲಿತದ್ದು.

ಮುಂದಿನ ವಾರ ಊರಿನ ಹೊಸ ಸಭಾಂಗಣ ತೆರೆಯುವುದಿತ್ತು. ಮೊದಲ ದಿನ ನುಡಿಸಲು ಊರಿಗಿದ್ದ ಒಂದೇ ಜಾಝ್ ಬ್ಯಾಂಡನ್ನು ಕರೆದಿದ್ದರು. ಕರೆದು, ದಿನ ಗೊತ್ತುಮಾಡಿ, ಗೋಡೆಗೆಲ್ಲ ಪೋಸ್ಟರ್ ಅಂಟಿಸಿದ ಮೇಲೆ ಸಮಿತಿಯವರಿಗೆ ಇವರು ಎಲ್ಲಿ ಕಲಿತವರು ಎಂಬ ಅನುಮಾನ ಬಂತು. ನೀರು ಕುಡಿದ ಮೇಲೆ ಕುಲ ಕೇಳುವ ಜನ ಎಲ್ಲ ಕಡೆಯೂ ಇರುತ್ತಾರೆ. ಇಂಥವರೇ ಸಮಿತಿಗಳನ್ನು ಸೇರುತ್ತಾರೆ.

ಬರೆಯುವ ಕೆಲಸ ಟಿಂಕರ್ ಕೊರಳಿಗೆ ಬಿದ್ದದ್ದು ಅವನ ಅಕ್ಷರದಿಂದ. ಏಳನೆಯ ತರಗತಿಯಲ್ಲೇ ಶಾಲೆಗೆ ದೊಡ್ಡ ನಮಸ್ಕಾರ ಹಾಕಿ ಗ್ಯಾರೇಜು ಸೇರಿದವನು ಅವನು. ಗುದ್ದಿಸಿಕೊಂಡು ಬಂದ ಕಾರುಗಳ ತಗಡು ಬಡಿದು ನೆಟ್ಟಗೆ ಮಾಡುವುದು ಅವನ ಕಸುಬು. ನಂಬರ್ ಪ್ಲೇಟು ಬರೆದೂ ಬರೆದೂ ಕೈ ಪಳಗಿತ್ತು. ಬ್ಯಾಂಡಿನಲ್ಲಿ ಡ್ರಮ್ಮು ಅವನದು.

ಅಕ್ಕನ ಗಂಡ, ಅಂದರೆ ಭಾವ, ಕ್ಷೌರದ ಅಂಗಡಿಯವನು. ಅವನದು ಸ್ಯಾಕ್ಸೊಫೋನು. "ಹನ್ನೆರಡು ವರ್ಷ ಹೆಣದ ಮುಂದೆ ನುಡಿಸಿದ್ದೀನಿ, ಅದನ್ನೇ ಬರಿ," ಎಂದ. "ಇವತ್ತಿನವರೆಗೆ ಒಬ್ಬರೂ ಎದ್ದು ಶ್ರುತಿ ತಪ್ಪಿದೆ ಅಂದಿಲ್ಲ." ಅದು ನಿಜವೇ. ಆದರೆ ಆ ಹನ್ನೆರಡು ವರ್ಷ ಅವನ ಉಸಿರಿಗೆ ಅಂಟಿಕೊಂಡಿದ್ದವು. ಎಂಥ ಕುಣಿಯುವ ಹಾಡನ್ನು ಹಿಡಿದರೂ ಕೇಳುವವರು ತಮಗೇ ತಿಳಿಯದೆ ಎದ್ದು ನಿಂತು ತಲೆ ತಗ್ಗಿಸುತ್ತಿದ್ದರು.

ಟ್ರಂಪೆಟ್ಟಿನವನು ಅಗ್ನಿಶಾಮಕ ದಳದಿಂದ ನಿವೃತ್ತನಾದವನು, ಎಲ್ಲರಿಗೂ ಫೈರಣ್ಣ. ಅವನು ಕಲಿತದ್ದು ದಳದ ಬ್ಯಾಂಡಿನಲ್ಲಿ. ಅಲ್ಲಿ ಯಾವ ಹಾಡು ಅರ್ಧಕ್ಕೆ ಬಂದರೂ ಗಂಟೆ ಹೊಡೆಯುತ್ತಿತ್ತು, ವಾದ್ಯ ಬಿಸಾಕಿ ಲಾರಿ ಹತ್ತಬೇಕಿತ್ತು. ಹೀಗಾಗಿ ಅವನಿಗೆ ನಲವತ್ತು ಹಾಡುಗಳ ಮೊದಲರ್ಧ ಬರುತ್ತಿತ್ತು, ಒಂದರದ್ದೂ ಕೊನೆ ಬರುತ್ತಿರಲಿಲ್ಲ. ಜಾಝ್‌ನಲ್ಲಿ ಮುಂದಿನದ್ದನ್ನು ನೀವೇ ಕಟ್ಟಿಕೊಳ್ಳಬೇಕು ಎಂದು ಯಾರೋ ಹೇಳಿದ ದಿನ ಅವನು ಕಣ್ಣೀರು ಹಾಕಿದ್ದನಂತೆ.

ಟೈಲರಮ್ಮನದು ಆಳೆತ್ತರದ ಬಾಸ್. ಆಕೆಯ ತಂದೆ ಮರದ ವಾದ್ಯಗಳನ್ನು ರಿಪೇರಿ ಮಾಡುತ್ತಿದ್ದವರು. ಯಾರೋ ಗಿರಾಕಿ ಅದನ್ನು ತಂದಿಟ್ಟು ಹೋದವನು ತಿರುಗಿ ಬರಲೇ ಇಲ್ಲ. ಅರ್ಧ ಕೋಣೆ ಅದಕ್ಕೇ ಹೋಯಿತು, ಮನೆಯವರು ಅದನ್ನು ಸುತ್ತಿ ಬಳಸಿ ಓಡಾಡಿದರು. ಸುಮ್ಮನೆ ನಿಂತು ಜಾಗ ತಿನ್ನುವುದು ಬೇಡ, ಏನಾದರೂ ಮಾಡಲಿ ಎಂದು ಆಕೆ ಅದರ ತಂತಿ ಮೀಟತೊಡಗಿದ್ದು. ಹೊಲಿಗೆ ಶುರುಮಾಡಿದರೆ ಅಂಚು ಮುಗಿಯುವ ತನಕ ಪೆಡಲು ನಿಲ್ಲಿಸುವವಳಲ್ಲ, ಬಾಸಿನಲ್ಲೂ ಹಾಗೆಯೇ.

ಪಿಯಾನೋ, ಮನೆಯಲ್ಲೇ ಸಂಗೀತ ಪಾಠ ಹೇಳುವ ಮೇಷ್ಟ್ರದ್ದು. ಅಭ್ಯಾಸ ನಡೆಯುತ್ತಿದ್ದದ್ದೂ ಅವರ ಮನೆಯ ಮುಂದಿನ ಕೋಣೆಯಲ್ಲೇ, ಅಂಗಡಿಗಳಿಗೆ ವಾರದ ರಜೆಯಿದ್ದ ಮಧ್ಯಾಹ್ನ. ಮಿಕ್ಕವರ ಹಾಗೆ ಅವರು ತಲೆ ಕೆರೆದುಕೊಳ್ಳಲಿಲ್ಲ. ಎರಡು ಸಾಲು ಸಾಲದೆಂದು ತಮ್ಮ ಹಿನ್ನೆಲೆಯನ್ನು ಬೇರೆಯೇ ಟೈಪು ಮಾಡಿಸಿ ತಂದಿದ್ದರು, ಒಂದೂವರೆ ಪುಟ. ಎಂಟು ಪರೀಕ್ಷೆ, ಎಂಟರ ಅಂಕವೂ ಇತ್ತು. ಆ ಎಂಟೂ ಸರ್ಟಿಫಿಕೇಟುಗಳು ಗಾಜು ಹಾಕಿಸಿಕೊಂಡು ಗೋಡೆಯ ಮೇಲೆ ನೇತಾಡುತ್ತಿದ್ದವು. ಡ್ರಮ್ಮಿನ ಹೊಡೆತಕ್ಕೆ ಪ್ರತಿ ವಾರ ಎಂಟೂ ಓರೆಯಾಗುತ್ತಿದ್ದವು. ಅಭ್ಯಾಸ ಮುಗಿದೊಡನೆ ಮೇಷ್ಟ್ರು ಸ್ಟೂಲು ಹತ್ತಿ ಒಂದೊಂದನ್ನೇ ನೆಟ್ಟಗೆ ಮಾಡುತ್ತಿದ್ದರು. ಡ್ರಮ್ಮಿನವನಿಗೆ ಒಂದು ಮಾತೂ ಅನ್ನುತ್ತಿರಲಿಲ್ಲ. ಅನ್ನದಿರುವುದೇ ಅವನಿಗೆ ಉರಿ.

ಡ್ರಮ್ಮಿಗೆ ಮಾತ್ರ ಬೇರೆ ಪುಟವೂ ಇಲ್ಲ, ಎರಡು ಸಾಲೂ ಖಾಲಿ.

"ತಗಡು ಬಡಿದು ಕಲಿತೆ ಅಂತ ಬರಿ, ಸುಳ್ಳೇನಲ್ವಲ್ಲ," ಎಂದಳು ಟೈಲರಮ್ಮ.

"ಬರೆದ್ರೆ ನಗ್ತಾರೆ. ಅವರು ನಗೋಕೆ ನಾನ್ಯಾಕಮ್ಮ ದುಂಡಗೆ ಬರೆದು ಕೊಡ್ಲಿ?"

ಅಷ್ಟರಲ್ಲಿ ಸಮಿತಿಯ ಕಾರ್ಯದರ್ಶಿ ಬಂದ. ಹಾಳೆ ತೆಗೆದುಕೊಂಡು ಹೋಗಿ ಅಂದೇ ಅಚ್ಚಿಗೆ ಕೊಡಬೇಕಿತ್ತು, ಹಾಗೇ ಒಂದು ಹಾಡು ಕೇಳಿಯೂ ಹೋಗೋಣ ಎಂದ. ನಿಂತಲ್ಲೇ ಓದಿದ. ಹೆಣದ ಹತ್ತಿರ ಹುಬ್ಬೇರಿಸಿದ. ಬೆಂಕಿಯ ಹತ್ತಿರ ಕೆಮ್ಮಿದ. ಮೇಷ್ಟ್ರ ಒಂದೂವರೆ ಪುಟ ಬಂದಾಗ ಮುಖ ಅರಳಿತು. ಡ್ರಮ್ಮಿನ ಹತ್ತಿರ ಬಂದು ನಿಂತುಬಿಟ್ಟ. ಹಿನ್ನೆಲೆಯೇ ಇಲ್ಲದವರನ್ನು ಮೊದಲ ದಿನವೇ ವೇದಿಕೆ ಹತ್ತಿಸಿದರೆ ಸಮಿತಿಗೆ ಉತ್ತರ ಹೇಳುವುದು ಕಷ್ಟ, ಮೇಷ್ಟ್ರ ಶಿಷ್ಯನೊಬ್ಬ ಡ್ರಮ್ಮಿನಲ್ಲಿ ಎರಡು ಪರೀಕ್ಷೆ ಮುಗಿಸಿದ್ದಾನಲ್ಲ, ಈ ಒಂದು ದಿನಕ್ಕೆ ಅವನು ಕೂತರೆ ಹೇಗೆ ಎಂದು ಮೆತ್ತಗೆ ಕೇಳಿದ. ಟಿಂಕರನ್ನಲ್ಲ, ಮೇಷ್ಟ್ರನ್ನು.

ಟಿಂಕರ್ ಮೇಷ್ಟ್ರ ಮುಖ ನೋಡಿದ. ನಾಲ್ಕು ವರ್ಷ ವಾರ ತಪ್ಪದೆ ಅವರ ಬೆನ್ನಿಗೆ ಕೂತು ಬಾರಿಸಿದ್ದ. ಮೇಷ್ಟ್ರು ಗೋಡೆಯ ಸರ್ಟಿಫಿಕೇಟುಗಳ ಕಡೆ ನೋಡಿ, "ಯೋಚನೆ ಮಾಡೋಣ," ಎಂದರು.

ಟಿಂಕರ್ ಕೋಲುಗಳನ್ನು ಕೈಗೆತ್ತಿಕೊಂಡ.

ಅವನಿಗೆ ಒಂದು ಗುಟ್ಟು ಗೊತ್ತಿತ್ತು. ಜಾಝ್‌ನಲ್ಲಿ ಎಲ್ಲರೂ ಕೂಡಿ ಹಾಡು ನುಡಿಸಿದ ಮೇಲೆ ಒಬ್ಬೊಬ್ಬರ ಸರದಿ ಬರುತ್ತದೆ. ಆಗ ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸಬೇಕು, ಅದೇ ಅದರ ಜೀವ. ಮೇಷ್ಟ್ರಿಗೆ ಏನೂ ತೋಚುತ್ತಿರಲಿಲ್ಲ. ಮೊದಲ ವರ್ಷವೇ ಒಮ್ಮೆ ಡ್ರಮ್ಮಿನ ತಿರುಪೊಂದು ಉರುಳಿ ಪಿಯಾನೋ ಸ್ಟೂಲಿನ ಕೆಳಗೆ ಹೋಗಿತ್ತು. ತೆಗೆಯಲು ಬಗ್ಗಿದಾಗ ಸಿಕ್ಕಿದ್ದು ಒಂದು ನೋಟುಬುಕ್ಕು. ರಟ್ಟಿನ ಮೇಲೆ ಮೇಷ್ಟ್ರ ಕೈಬರಹ: 'ತಕ್ಷಣ ತೋಚಿದ್ದು, ಭಾಗ ಮೂರು'. ಒಳಗೆ ಪ್ರತಿ ಸರದಿಯೂ ಸ್ವರ ಸ್ವರವಾಗಿ, ಪೆನ್ಸಿಲಿನಲ್ಲಿ, ತಿದ್ದಿ ತಿದ್ದಿ ಬರೆದಿಟ್ಟದ್ದು. ಮೇಷ್ಟ್ರು ಅದನ್ನು ಬಾಯಿಪಾಠ ಮಾಡಿಕೊಂಡು ಬಂದು, ಕಣ್ಣು ಮುಚ್ಚಿ, ಈಗಷ್ಟೇ ಹೊಳೆಯಿತು ಎನ್ನುವಂತೆ ತಲೆದೂಗುತ್ತ ಒಪ್ಪಿಸುತ್ತಿದ್ದರು. ನಡುವೆ ಒಂದು ಕಡೆ ಎರಡೂ ಕೈ ಎತ್ತಿ ನುಡಿಸುವುದನ್ನು ನಿಲ್ಲಿಸುತ್ತಿದ್ದರು. ಮೊದಲ ಸಲ ಟಿಂಕರ್ ಪಾಪ ಮರೆತಿರಬೇಕೆಂದು ಆ ಖಾಲಿಗೆ ಒಂದು ಏಟು ಕೊಟ್ಟು ದಾಟಿಸಿದ್ದ. ಆಮೇಲೆ ಪ್ರತಿ ವಾರ ಅದೇ ಜಾಗ, ಅದೇ ಏಟು. ಆ ಏಟು ಬಿದ್ದರೇ ಮೇಷ್ಟ್ರಿಗೆ ಮುಂದಿನ ಸ್ವರ ನೆನಪಾಗುವುದು ಎನ್ನುವಷ್ಟು ರೂಢಿಯಾಗಿಹೋಗಿತ್ತು.

ಹಾಡು ಶುರುವಾಯಿತು. ಭಾವನ ಸರದಿಯಲ್ಲಿ ಕಾರ್ಯದರ್ಶಿ ಅರಿವಿಲ್ಲದೆ ಎದ್ದು ನಿಂತು, ನಾಚಿ, ಕೂತ. ಫೈರಣ್ಣ ಇಲ್ಲದ ದ್ವಿತೀಯಾರ್ಧವೊಂದನ್ನು ಕಟ್ಟಿ ಬೆವರು ಒರೆಸಿಕೊಂಡ. ಮೇಷ್ಟ್ರ ಸರದಿ ಬಂತು. ಕಣ್ಣು ಮುಚ್ಚಿದರು. ತಲೆದೂಗಿದರು. ಕೈ ಎರಡೂ ಎತ್ತಿ ನಿಲ್ಲಿಸಿದರು.

ಟಿಂಕರ್ ಕೋಲು ಎತ್ತಲಿಲ್ಲ.

ಮೇಷ್ಟ್ರು ಕಾದರು. ಇನ್ನೂ ಕಾದರು. ಕಣ್ಣು ತೆರೆಯಿತು. ಟೈಲರಮ್ಮನ ಬಾಸ್ ಮಾತ್ರ ಅಂಚು ಹೊಲಿಯುತ್ತ ಸಾಗಿತ್ತು. ಗಾಳಿಯಲ್ಲಿ ನಿಂತ ಹತ್ತು ಬೆರಳುಗಳಿಗೆ ಎಲ್ಲಿ ಇಳಿಯಬೇಕೆಂದು ತಿಳಿಯಲಿಲ್ಲ. ಮೇಷ್ಟ್ರ ಕಿವಿ ಕೆಂಪಾದದ್ದು ಹಿಂದೆ ಕೂತವನಿಗೆ ಕಂಡಿತು, ಕತ್ತಿನ ನರ ಉಬ್ಬಿದ್ದೂ ಕಂಡಿತು. ಬೇಕಾಗಿದ್ದದ್ದು ಇದೇ ತಾನೇ. ಆದರೆ ಬಾಯಿಗೆ ಬಂದ ರುಚಿ ಸಿಹಿಯಾಗಿರಲಿಲ್ಲ. ಕಾರ್ಯದರ್ಶಿ ಪೆನ್ನು ಹಿಡಿದು ಕೂತಿದ್ದ. ಅವನೆದುರು ಮುದುಕರೊಬ್ಬರು ತಗ್ಗುಬಿದ್ದ ಕಾರಿನ ಬಾಗಿಲಿನ ಹಾಗೆ ಕೂತಿದ್ದರು.

ಕೊನೆಗೆ ಒಂದು ಬೆರಳು ಬಿತ್ತು, ತಪ್ಪು ಕೀ ಮೇಲೆ. ಹಲ್ಲು ಜುಮ್ಮೆನ್ನುವ ಸ್ವರ.

ತಗಡಿನ ತಗ್ಗನ್ನು ಎದುರಿನಿಂದ ಬಡಿದರೆ ಇನ್ನೂ ಒಳಗೆ ಹೋಗುತ್ತದೆ, ಹಿಂದಿನಿಂದ ಎತ್ತಬೇಕು. ಟಿಂಕರ್ ಕೈ ತಾನಾಗಿಯೇ ಎದ್ದು ಆ ತಪ್ಪು ಸ್ವರದ ಕೆಳಗೆ ಒಂದು ಏಟು ಇಟ್ಟಿತು. ಮೇಷ್ಟ್ರು ಬೆಚ್ಚಿ ಅದೇ ಕೀಯನ್ನು ಮತ್ತೆ ಒತ್ತಿದರು. ಮತ್ತೆ ಏಟು ಬಿತ್ತು, ಸ್ವಲ್ಪ ಪಕ್ಕಕ್ಕೆ. ಮೂರನೆಯ ಸಲಕ್ಕೆ ಅದು ಬೇಕೆಂದೇ ಇಟ್ಟದ್ದರ ಹಾಗೆ ಕೇಳಿಸಿತು. ನಾಲ್ಕನೆಯದಕ್ಕೆ ಮೇಷ್ಟ್ರ ಇನ್ನೊಂದು ಕೈಯೂ ಇಳಿಯಿತು. ಆಮೇಲೆ ಎರಡು ನಿಮಿಷ ಅವರು ನುಡಿಸಿದ್ದು ಯಾವ ಭಾಗದಲ್ಲೂ ಬರೆದಿರಲಿಲ್ಲ. ಚೆನ್ನಾಗಿತ್ತು ಎಂದರೆ ಸುಳ್ಳಾಗುತ್ತದೆ. ಮೊದಲ ಸಲ ಸೈಕಲ್ ಬಿಟ್ಟವನ ಹಾಗೆ ಗೋಡೆಗೆ ತಾಗಿಕೊಂಡು, ಓಲಾಡಿಕೊಂಡು ಹೋದರು. ಬೀಳಲಿಲ್ಲ.

ಕಾರ್ಯದರ್ಶಿಗೆ ಏನೂ ತಿಳಿಯಲಿಲ್ಲ. ಪಿಯಾನೋ ನಡುವೆ ಸ್ವಲ್ಪ ಒರಟಾಯಿತು, ಮಿಕ್ಕಂತೆ ಪರವಾಗಿಲ್ಲ ಎಂದ. ಹಾಳೆ ಮಡಚುತ್ತ ಆ ಶಿಷ್ಯನ ವಿಷಯ ಏನು ಮಾಡಿದಿರಿ ಎಂದು ನೆನಪಿಸಿದ. ಮೇಷ್ಟ್ರು ಎದ್ದು ಬಂದು ಅವನ ಕೈಯಿಂದ ತಮ್ಮ ಒಂದೂವರೆ ಪುಟವನ್ನು ಎಳೆದುಕೊಂಡು ಜೇಬಿಗೆ ತುರುಕಿದರು.

"ಅವನದು ಖಾಲಿ ಇದ್ರೆ ನನ್ನದೂ ಖಾಲಿ ಇರ್ಲಿ. ಸಮಿತಿಗೆ ಆಗಲ್ಲ ಅಂದ್ರೆ ಇಬ್ಬರೂ ಬರಲ್ಲ."

ಪೋಸ್ಟರ್ ಅಂಟಿಸಿಯಾಗಿತ್ತು. ಕಾರ್ಯದರ್ಶಿಯ ಮಗಳು ಮೇಷ್ಟ್ರಲ್ಲೇ ಪಾಠಕ್ಕೆ ಬರುತ್ತಿದ್ದಳು, ಐದನೆಯ ಪರೀಕ್ಷೆ ಹತ್ತಿರದಲ್ಲಿತ್ತು. ಅವನು ಖಾಲಿ ಸಾಲುಗಳ ಹಾಳೆಯನ್ನು ಹಾಗೆಯೇ ಜೇಬಿಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟ. ಮಿಕ್ಕವರೂ ವಾದ್ಯ ಕಟ್ಟಿಕೊಂಡು ಹೋದರು. ಬಾಸನ್ನು ಬಾಗಿಲಿನಿಂದ ಹೊರಗೆ ಓರೆಯಾಗಿ ಸಾಗಿಸುವಾಗ ಭಾವ ಎಂದಿನಂತೆ ತಲೆ ಹೊಡೆಸಿಕೊಂಡ.

ಟಿಂಕರ್ ತಿರುಪು ಸಡಿಲಿಸುತ್ತ ತಲೆ ಎತ್ತದೆ ಕೂತಿದ್ದ.

"ಎಷ್ಟು ದಿನದಿಂದ ಗೊತ್ತಪ್ಪಾ ನಿಂಗೆ?"

"ನಾಲ್ಕು ವರ್ಷ ಆಯ್ತು, ಮೇಷ್ಟ್ರೇ."

"ಯಾರಿಗಾದ್ರೂ ಹೇಳಿದ್ಯಾ?"

"ಯಾರಿಗೆ ಹೇಳ್ಲಿ? ಭಾವಂಗೆ ಹೇಳಿದ್ರೆ ಡಂಗುರ ಹೊಡೆಸಿದಂಗೆ." ಇನ್ನೊಂದು ತಿರುಪು ಬಿಚ್ಚಿ ಅಂದ: "ಇವತ್ತು ಬೇಕಂತ್ಲೇ ಬಿಟ್ಟೆ."

"ಗೊತ್ತಾಯ್ತು," ಎಂದರು ಮೇಷ್ಟ್ರು. ಸ್ಟೂಲಿನ ಮೇಲೆ ಕೂತೇ ಇದ್ದರು. ಗೋಡೆಯ ಮೇಲೆ ಎಂಟೂ ಓರೆಯಾಗಿದ್ದವು. ಅವರು ಏಳಲಿಲ್ಲ.

ಕಾರ್ಯಕ್ರಮದ ಪುಸ್ತಿಕೆ ಸಭಾಂಗಣ ತೆರೆದ ದಿನವೇ ಪರದೆಯ ಹಿಂದೆ ಕೈಗೆ ಬಂತು. ಹೆಣ, ಬೆಂಕಿ, ಗಿರಾಕಿ ಬಿಟ್ಟುಹೋದ ಬಾಸು, ಎಲ್ಲ ಇದ್ದದ್ದು ಇದ್ದ ಹಾಗೆ ಅಚ್ಚಾಗಿತ್ತು. ಖಾಲಿ ಜಾಗ ಕಂಡರೆ ಅಚ್ಚಿನವನಿಗೆ ಆಗುವುದಿಲ್ಲ. ಪಿಯಾನೋ ಕೆಳಗೆ ಒಂದು, ಡ್ರಮ್ಮಿನ ಕೆಳಗೆ ಒಂದು, ಮದುವೆ ಕಾಗದಕ್ಕೆ ಇಟ್ಟುಕೊಂಡಿದ್ದ ಒಂದೇ ಅಚ್ಚಿನ ಪುಟ್ಟ ಹೂವನ್ನು ಒತ್ತಿಬಿಟ್ಟಿದ್ದ. ನಿಜ ಹೇಳಿದವರಿಗೆಲ್ಲ ಬರೀ ಅಕ್ಷರ, ಬಾಯಿ ಮುಚ್ಚಿಕೊಂಡವರಿಗೆ ಹೂವು, ಎಲ್ಲಿಯ ನ್ಯಾಯ ಇದು ಎಂದು ಭಾವ ಪರದೆ ಏಳುವ ತನಕ ಗೊಣಗಿದ.

ಮೇಷ್ಟ್ರು ನೋಟುಬುಕ್ಕು ತಂದಿರಲಿಲ್ಲ. ಪಿಯಾನೋ ಮೇಲಿನ ಹಲಗೆಗೆ, ಸ್ವರದ ಪುಸ್ತಕ ಇಡುವ ಜಾಗದಲ್ಲಿ, ಪುಸ್ತಿಕೆಯ ಆ ಹೂವಿನ ಪುಟವನ್ನೇ ತೆರೆದು ಒರಗಿಸಿದರು. ಡ್ರಮ್ಮಿನ ಮೊದಲ ಏಟಿಗೆ ಪುಸ್ತಿಕೆ ಜಾರಿ ಪೆಡಲಿನ ಪಕ್ಕ ಬಿತ್ತು. ಅವರು ಬಗ್ಗಲಿಲ್ಲ.