ಮೊದಲ ಕೊರಡು

ಮೊಹರಂನಲ್ಲಿ ಪೀರಲ ದೇವರ ಮುಂದೆ ಬೆಂಕಿ ಹಾಕುವ ಗುಂಡಿಗೆ, ಅಲಾಯಿ ಕುಣಿಗೆ, ಮೊದಲ ಕೊರಡು ಯಮನಮ್ಮನ ಮನೆಯದೇ ಬೀಳಬೇಕು. ಅದು ಬಿದ್ದ ಮೇಲೆಯೇ ಉಳಿದ ಮನೆಗಳವರು ಒಂದೊಂದು ಕಟ್ಟಿಗೆ ತಂದು ಹಾಕುವುದು, ಬೆಂಕಿ ಹಚ್ಚುವುದು. ಅದಿಲ್ಲದೆ ಕಡ್ಡಿ ಗೀರುವ ಧೈರ್ಯ ಊರಲ್ಲಿ ಯಾರಿಗೂ ಇಲ್ಲ. ಕಂಪ್ಲಿಯ ಆಚೆ ಕಾಲುವೆ ಬದಿಯ ಆ ಊರಿನಲ್ಲಿ ಸಾಬರ ಮನೆ ಒಂದೂ ಇಲ್ಲ. ಆದರೂ ಮೊಹರಂ ಬಂತೆಂದರೆ ಊರಿಗೆ ಊರೇ ಟೊಂಕ ಕಟ್ಟಿ ನಿಲ್ಲುತ್ತದೆ. ದೇವರನ್ನು ಪೆಟ್ಟಿಗೆಯಿಂದ ಇಳಿಸಿ ಕೂರಿಸಲು ಕಂಪ್ಲಿಯಿಂದ ಮುಲ್ಲಾ ಖಾಸಿಂಸಾಬ ಬರುತ್ತಾನೆ. ಕುಣಿ ತೋಡುವವರು, ದೇವರಿಗೆ ಸಕ್ಕರೆ ಓದಿಸಿ ಹಂಚುವವರು, ಬೆಂಕಿಯ ಸುತ್ತ ಹೆಜ್ಜೆ ಹಾಕುವವರು ಎಲ್ಲ ಹಿಂದೂಗಳೇ. ಇದರಲ್ಲಿ ವಿಚಿತ್ರವೇನಾದರೂ ಇದೆ ಎಂದು ಊರಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಯಮನಮ್ಮನಿಗೆ ಈ ಹಕ್ಕು ಪುಕ್ಕಟೆ ಬಂದದ್ದಲ್ಲ. ಹಿರಿಮಗ ಪಾಲಪ್ಪನ ಬೆನ್ನಿಗೆ ಹುಟ್ಟಿದ ಎರಡು ಕೂಸುಗಳು ತೊಟ್ಟಿಲಲ್ಲೇ ಹೋದವು. ಮುಂದಿನದು ಹೊಟ್ಟೆಯಲ್ಲಿದ್ದಾಗ ಪೀರಲ ದೇವರಿಗೆ ಹರಕೆ ಹೊತ್ತಳು: ಇದೊಂದು ಉಳಿಯಲಿ, ನಾನಿರುವ ತನಕ ಮೊದಲ ಕೊರಡು ನನ್ನದು. ಆ ವರ್ಷ ಪುಟ್ಟ ಪಾಲಪ್ಪ ಕೊರಳಿಗೆ ಕೆಂಪು ಲಾಡಿ ಹಾಕಿಕೊಂಡು ಫಕೀರನಾಗಿ, ತಮ್ಮ ಉಳಿಯಲೆಂದು ಐದು ಮನೆ ಭಿಕ್ಷೆ ಬೇಡಿದ್ದ. ಹಾಗೆ ಉಳಿದವನೇ ಹೊನ್ನೂರುಸ್ವಾಮಿ.

ಈಗ ಆ ಅಣ್ಣತಮ್ಮ ಮಾತು ಬಿಟ್ಟು ಒಂದು ವರ್ಷ. ಹೊಲದ ತಕರಾರಲ್ಲ, ದುಡ್ಡಿನ ಜಗಳವೂ ಅಲ್ಲ, ಪಂಚಾಯ್ತಿ ಚುನಾವಣೆ. ಕಂಪ್ಲಿಯ ಅಕ್ಕಿ ಗಿರಣಿಗೆ ಹೋಗುವ ಪಾಲಪ್ಪ ಒಂದು ಪಾರ್ಟಿ, ಹೊಸಪೇಟೆ ಕಡೆಯ ಫ್ಯಾಕ್ಟರಿಗೆ ಹೋಗುವ ಹೊನ್ನೂರುಸ್ವಾಮಿ ಇನ್ನೊಂದು. ಗೆದ್ದ ಮುಖಂಡನೂ ಸೋತ ಮುಖಂಡನೂ ಹೊಸಪೇಟೆಯ ಹೋಟೆಲಿನಲ್ಲಿ ಒಂದೇ ಟೇಬಲ್ಲಿಗೆ ಕೂತು ನಗುನಗುತ್ತ ಉಂಡದ್ದನ್ನು ಕಂಡವರಿದ್ದಾರೆ. ಇವರಿಬ್ಬರು ಮಾತ್ರ ಒಂದೇ ಮನೆಯಲ್ಲಿ ಬೆನ್ನು ತಿರುಗಿಸಿ ಕೂತು ಉಣ್ಣುತ್ತಾರೆ. ಉಪ್ಪು ಬೇಕಾದರೂ ತಾಯಿಯ ಮೂಲಕವೇ ಕೇಳಬೇಕು. ಬುದ್ಧಿ ಹೇಳಿ ಹೇಳಿ ಯಮನಮ್ಮನಿಗೆ ಸಾಕುಸಾಕಾಗಿತ್ತು.

ಈ ಸಲದ ತಂಟೆ ಹುಟ್ಟಿದ್ದು ಫ್ಲೆಕ್ಸಿನಿಂದ. ಕುಣಿಯ ಮುಂದೆ ಯಾವ ಮುಖಂಡನ ಫೋಟೋ ನಿಲ್ಲಬೇಕೆಂದು ಎರಡೂ ಕಡೆಯವರು ಕೈ ಕೈ ಮಿಲಾಯಿಸಿದರು. ಪೊಲೀಸರು ಶಾಂತಿ ಸಭೆ ಕರೆದರು. ಅಲ್ಲಿ ಇಬ್ಬರು ಮುಖಂಡರೂ ಎದ್ದು ನಿಂತು ದೇಶ ಒಂದು, ನಾವೆಲ್ಲ ಒಂದು, ಭೇದಭಾವ ಎಂಬುದು ನಮ್ಮ ನೆಲದಲ್ಲೇ ಇಲ್ಲ ಎಂದು ಗಂಟಲು ಹರಿದುಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿ, ಚಹಾ ಕುಡಿದು, ಎರಡು ಕುಣಿ ತೋಡುವುದೆಂದು ತೀರ್ಮಾನಿಸಿ ಎದ್ದು ಬಂದರು.

ದೇವರ ಗುಡಿಯ ಮುಂದೆ ಒಂದು, ನೀರಿನ ಟ್ಯಾಂಕಿನ ಹತ್ತಿರ ಇನ್ನೊಂದು. ಹತ್ತು ಹೆಜ್ಜೆಯೂ ದೂರವಿಲ್ಲ. ಖಾಸಿಂಸಾಬ ದೇವರನ್ನು ಕೂರಿಸಿ ಬಂದವನು ಯಮನಮ್ಮನ ಕಟ್ಟೆಯ ಮೇಲೆ ಕುಸಿದು ಕೂತ.

“ತಂಗೆಮ್ಮಾ, ನಮ್ಮಪ್ಪನ ಕಾಲದಿಂದ ಬರಾಕತ್ತೀವಿ. ದೇವ್ರನ್ನ ಯಾವ ಕುಣಿ ಸುತ್ತ ಆಡಿಸ್ಲಿ, ನೀನ ಹೇಳು.”

ಯಮನಮ್ಮ ಒಂದು ಚೊಂಬು ಮಜ್ಜಿಗೆ ಕೊಟ್ಟು ಕಳಿಸಿದಳು.

ಬೆಂಕಿ ಹಾಕುವ ದಿನ ಬೆಳಿಗ್ಗೆ ಪಾಲಪ್ಪ ಬಂದು, ಕೊರಡು ನಮ್ಮ ಕುಣಿಗೆ ಕೊಡು, ಹಿರಿಯ ನಾನು, ಭಿಕ್ಷೆ ಬೇಡಿದವನು ನಾನು ಎಂದ. ಅವನ ಹಿಂದೆಯೇ ಹೊನ್ನೂರುಸ್ವಾಮಿ ಬಂದು, ಹರಕೆ ಹೊತ್ತದ್ದು ಯಾರ ಸಲುವಾಗಿ, ಅದು ನಮ್ಮ ಕುಣಿಗೇ ಸೇರಬೇಕು ಎಂದ. ಒಂದೇ ಕುಣಿ ಮಾಡಿದರೆ ನಾನೇ ಹೊತ್ತು ತಂದು ಹಾಕುತ್ತೇನೆ ಎಂದು ಯಮನಮ್ಮ ಗೋಗರೆದಳು. ಇಬ್ಬರ ಕಿವಿಗೂ ಬೀಳಲಿಲ್ಲ. ಕೊನೆಗೆ ಚಿಕ್ಕವನು ಗೋಡೆ ನೋಡುತ್ತ ಹೇಳಿದ.

“ಅವಗ ಹೇಳವ್ವಾ, ನಡುವ ಕೊಯ್ದು ಅರ್ಧರ್ಧ ಹಾಕ್ಯಂಬಾನು ಅಂತ.”

ಪಾಲಪ್ಪನೂ ಹೂಂ ಎಂದ. ಇಷ್ಟು ದಿನದಲ್ಲಿ ಇಬ್ಬರೂ ಒಪ್ಪಿದ ಮಾತು ಇದೊಂದೇ. ಮಧ್ಯಾಹ್ನ ಉಂಡ ಮೇಲೆ ಕೊಯ್ಯುವುದೆಂದು ಹೇಳಿ, ಗರಗಸ ತರಲು ಒಬ್ಬ, ತಮ್ಮ ಪಾರ್ಟಿಯ ಮನೆಗಳ ಕಟ್ಟಿಗೆ ಕೂಡಿಸಲು ಇನ್ನೊಬ್ಬ, ಬೇರೆ ಬೇರೆ ದಾರಿ ಹಿಡಿದರು.

ಯಮನಮ್ಮ ದನದ ಕೊಟ್ಟಿಗೆಗೆ ಹೋದಳು. ಬೇಸಗೆಯಲ್ಲೇ ಅವಳು ಕಾಲುವೆ ಏರಿಯಿಂದ ಹರಕೆಗೆಂದು ಆರಿಸಿ ತಂದು ಒಣಗಿಸಿದ ತೋಳು ದಪ್ಪದ ಜಾಲಿ ಕೊರಡು ಅಟ್ಟದ ಮೇಲಿತ್ತು. ಅದನ್ನು ಇಳಿಸುವಾಗ ಅವಳಿಗೆ ಸತ್ತ ಎರಡು ಕೂಸುಗಳ ನೆನಪಾಯಿತು. ಉಳಿಸಿಕೊಂಡದ್ದು ಇದಕ್ಕೇನಾ ಎಂದು ಅನ್ನಿಸಿ, ಛೇ, ಎಂಥ ಮಾತು ಬಂತು ಮನಸ್ಸಿಗೆ ಎಂದು ತಾನೇ ನಾಲಿಗೆ ಕಚ್ಚಿಕೊಂಡಳು. ಒಳಗೆ ಗ್ಯಾಸ್ ಇದ್ದರೂ ಹಿತ್ತಲಿನ ಮೂರು ಕಲ್ಲಿನ ಒಲೆ ಹೂಡಿದಳು. ಕೊರಡಿನ ತುದಿಯನ್ನು ಒಲೆಗಿಟ್ಟು, ಸಿಟ್ಟಾಗಬ್ಯಾಡಪ್ಪ ನನ್ನ ದೇವರೇ, ನನಗೆ ಬೇರೆ ದಾರಿ ಉಳಿದಿಲ್ಲ ಎಂದು ಕೈ ಮುಗಿದು ಕಡ್ಡಿ ಗೀರಿದಳು. ಉರಿದಷ್ಟೂ ಒಳಕ್ಕೆ ನೂಕುತ್ತ, ಕಣ್ಣೊರೆಸಿಕೊಳ್ಳುತ್ತ, ಅನ್ನ ಬೇಯಿಸಿದಳು, ಸಾರು ಕುದಿಸಿದಳು. ಅಡುಗೆ ಮುಗಿದರೂ ಒಲೆ ಆರಿಸಲಿಲ್ಲ. ಕೊರಡು ಪೂರ್ತಿ ಕೆಂಡವಾಗುವ ತನಕ ಅಲ್ಲೇ ಕೂತಿದ್ದಳು.

ಮಕ್ಕಳು ಹಸಿದು ಬಂದು ಎಂದಿನಂತೆ ಬೆನ್ನು ತಿರುಗಿಸಿ ಕೂತರು. ಬಡಿಸಿದಳು. ನಾಲ್ಕು ತುತ್ತು ಇಳಿದ ಮೇಲೆ ಪಾಲಪ್ಪ ಕೊರಡೆಲ್ಲಿ ಎಂದು ಕೇಳಿದ.

“ಅದ್ರಾಗ ಬೇಯಿಸಿದ್ದ ಉಣ್ಣಾಕತ್ತೀರಿ,” ಎಂದಳು ಯಮನಮ್ಮ.

ಇಬ್ಬರೂ ಎದ್ದು ಹಿತ್ತಲಿಗೆ ಓಡಿದರು. ಒಲೆಯಲ್ಲಿ ಕೆಂಡ ಬೂದಿ ಕಟ್ಟುತ್ತಿತ್ತು. ಹರಕೆಯ ಕೊರಡಿಗೆ ಬದಲಿ ಇಲ್ಲ, ಇನ್ನು ಯಾವ ಕುಣಿಗೂ ಬೆಂಕಿ ಇಲ್ಲ ಎಂಬುದು ತಿಳಿಯಲು ಅವರಿಗೆ ತಡವಾಗಲಿಲ್ಲ.

“ಅಣ್ಣಾ, ಏನ್ ಮಾಡ್ಯಾಳ ನೋಡು ಈಕಿ,” ಎಂದ ಹೊನ್ನೂರುಸ್ವಾಮಿ.

“ಈಕಿ ತಲಿ ಕೆಟ್ಟೈತಿ ತಮ್ಮಾ. ಊರಿಗೆ ಏನಂತ ಮಾರಿ ತೋರ್ಸೋದು ನಾವು?”

ಅಣ್ಣಾ, ತಮ್ಮಾ, ನಾವು. ಒಂದು ವರ್ಷದಿಂದ ಯಮನಮ್ಮ ಹಗಲೂ ಇರುಳೂ ಹಂಬಲಿಸಿದ ಮಾತುಗಳು. ಅವಳು ಬಾಗಿಲಲ್ಲೇ ಕೂತಳು. ಹೆಗಲಿಗೆ ಹೆಗಲು ಕೊಟ್ಟು ನಿಂತು ಅವರು ಅವಳ ಮೇಲೆ ಹರಿಹಾಯುತ್ತಿದ್ದರು.

“ಬೈರಿ,” ಎಂದಳು. “ಹಂಗ ಇಬ್ರೂ ಕೂಡೇ ಬೈರಿ.”