ದಾಟಲಾಗದ ಬೂದುಗುಂಬಳ

ಬಿಟಿಎಂ ಲೇಔಟಿನ ಬಾಡಿಗೆ ಮನೆಗಳ ಹೆಂಗಸರು ಹೇಳಿಕೊಳ್ಳುವ ಕಥೆಯಿದು. ಕೇಳಿದಂತೆಯೇ ಬರೆದಿದ್ದೇನೆ, ಅದರೊಳಗಿನ ಹೇಸಿಗೆಯನ್ನು ಸೋಸಿಲ್ಲ.

ಬೊಮ್ಮನಹಳ್ಳಿಯಲ್ಲಿ ವಾಷಿಂಗ್ ಮೆಷಿನ್ ತಯಾರಿಸುವ ಕಾರ್ಖಾನೆಯೊಂದಿತ್ತು. ಅದು ಮೊದಲಿದ್ದದ್ದು ಪೀಣ್ಯದಲ್ಲಿ. ಎಲ್ಲಿ ನೆಲ ಅಗ್ಗವೋ, ಎಲ್ಲಿ ತೆರಿಗೆ ಮಾಫಿಯೋ ಅತ್ತ ತೆವಳುವುದು ಅದರ ಜಾಯಮಾನ. ಹಿಂದೆ ಉಳಿಯುವುದು ಜಿಡ್ಡು ಮತ್ತು ಜನ. ಮುಂದಿನ ನೆಲೆ ಗಡಿಯಾಚೆಯ ಹೊಸೂರು ಎಂಬ ಸುದ್ದಿ ಹಬ್ಬಿದಾಗ ಕೆಲಸಗಾರರು ಯಂತ್ರ ಸಾಗಿಸಬಿಡದಂತೆ ಗೇಟಿನಲ್ಲಿ ಸರದಿಯಂತೆ ಕಾವಲು ಕೂತರು. ತಗಡನ್ನು ಡ್ರಮ್ಮಾಗಿ ಒತ್ತುವ ಪ್ರೆಸ್ಸು ಯಂತ್ರ ಇರುವ ತನಕ ತಮ್ಮ ಕೆಲಸಕ್ಕೂ ಭಯವಿಲ್ಲ ಎಂಬುದು ಅವರ ನಂಬಿಕೆ. ಅವರ ಮುಂದಾಳು ಮುದ್ದೇಬಿಹಾಳದ ಶಿವವ್ವ; ಆ ಪ್ರೆಸ್ಸಿನಲ್ಲೇ ದುಡಿಯುತ್ತಿದ್ದವಳು.

ಆಯುಧಪೂಜೆ ಬಂತು. ಮ್ಯಾನೇಜರ್ ಸೇತುರಾಮ ತಾನೇ ಪ್ರೆಸ್ಸಿಗೆ ಕುಂಕುಮ ಹಚ್ಚಿ, ಮಂಗಳಾರತಿ ಎತ್ತಿ, ಬಾಗಿಲಲ್ಲಿ ಬೂದುಗುಂಬಳ ಒಡೆಸಿ ಕೈಮುಗಿದ.

"ಪೂಜೆ ಆಗಿರೋದು. ನಾಳೆ ತನಕ ಯಾರೂ ಮುಟ್ಬೇಡಿ. ಮನೇಗ್ ಹೋಗಿ, ಹಬ್ಬ ಮಾಡಿ."

ಪೂಜೆಗೊಂಡ ಯಂತ್ರವನ್ನು ಮುಟ್ಟುವವರುಂಟೇ? ಕಡ್ಲೆಪುರಿ ಪೊಟ್ಟಣ ಹಿಡಿದು ಎಲ್ಲರೂ ಹೊರಟರು. ಕಾವಲೂ ಎದ್ದಿತು.

ಮರುದಿನ ಬೆಳಿಗ್ಗೆ ಪ್ರೆಸ್ಸು ಇರಲಿಲ್ಲ. ನೆಲದಲ್ಲಿ ಬೋಲ್ಟು ಕಿತ್ತ ಗುಂಡಿಗಳು. ಲಾರಿ ಚಕ್ರಕ್ಕೆ ಸಿಕ್ಕಿದ ಕುಂಬಳ ಹುಳಿತು, ಕುಂಕುಮದೊಡನೆ ಕಲಸಿಹೋಗಿ, ನೆತ್ತರು ಬೆರೆತ ಕಫದಂತೆ ಬಿದ್ದಿತ್ತು.

"ಥೂ! ದೇವರನ್ನೂ ಕಳ್ಳತನಕ್ಕ ಹಚ್ಚ್ಯಾನ!" ಎಂದಳು ಶಿವವ್ವ. ತಗಡಿನ ಚೂರಿನಿಂದ ಅದನ್ನು ಬಳಿದುಕೊಂಡು, ಆಟೋ ಹತ್ತಿ, ಜಯನಗರದ ಸೇತುರಾಮನ ಹೊಸಿಲಿಗೆ ಸುರಿದಳು.

ಅದೇ ಹೊತ್ತಿಗೆ ಆತ ಹೊಸೂರಿಗೆ ಹೊರಟಿದ್ದ. ವಿಜಯದಶಮಿಯ ಮುಹೂರ್ತಕ್ಕೆ ಪ್ರೆಸ್ಸು ಕೂರಿಸಬೇಕಿತ್ತು. ಹೆಂಡತಿ ಕಾತ್ಯಾಯಿನಿ ಅಂಗಿ ಹಿಡಿದೆಳೆದಳು.

"ರೀ, ದಾಟ್ಬೇಡಿ! ದೃಷ್ಟಿ ತೆಗೆದ ಕುಂಬಳ ಅದು. ಯಾರ್ಯಾರ ಪೀಡೆನೋ ನಮಗೆ ಹತ್ಕೊಳ್ಳುತ್ತೆ!"

ಸೇತುರಾಮ ಮೂಗು ಮುಚ್ಚಿಕೊಂಡೇ ನಕ್ಕ. "ಶಿವವ್ವ, ಎತ್ತಿಬಿಡಮ್ಮ. ಹೊಸೂರಲ್ಲಿ ಕೆಲಸ ಕೊಡ್ತೀನಿ. ನಿನಗೊಬ್ಬಳಿಗೆ."

ಶಿವವ್ವನಿಗೆ ಬೇಕಿದ್ದದ್ದು ಕೆಲಸವೇ.

"ಪೂಜಿ ಆದದ್ದು ಮುಟ್ಟಬಾರದ್ರಿ, ಸಾಹೇಬ್ರ," ಎಂದಳು. "ನೀವ ಹೇಳಿದ್ರಲ್ರೀ."

ಮುಹೂರ್ತ ಮೀರುವ ತನಕ ಎದುರಿನ ಕಟ್ಟೆಯ ಮೇಲೆ ಕೂತಿದ್ದಳಂತೆ. ಒಳಗೆ ಹೊಸೂರಿನಿಂದ ಫೋನು ಬಡಿದುಕೊಳ್ಳುತ್ತಲೇ ಇತ್ತು. ನೊಣಗಳು ಮಾತ್ರ ಹೊಸಿಲು ದಾಟಿ ಹೋಗಿ ಬರುತ್ತಿದ್ದವು.