ತಪ್ಪಿರುವ ಹಾಳೆ ಹರಿಯಬೇಡಿ

ಮಗಳು ಒಂಬತ್ತನೇ ತರಗತಿಗೆ ಬಂದ ಮೇಲೆ ನಮ್ಮ ಮನೆಯಲ್ಲಿ ಮಾತೇ ನಿಂತುಹೋಗಿತ್ತು. ನಿಮ್ಮ ಮನೆಯಲ್ಲೂ ಹಾಗೇ ಇದ್ದರೆ, ಕೈಕೆಲಸ ಮಾಡುತ್ತಲೇ ಸ್ವಲ್ಪ ಇತ್ತ ಕೇಳಿ.

ನಾನು ಬಟ್ಟೆ ಹೊಲಿಯುವವಳು. ಬೀದಿಗೆ ಮುಖ ಮಾಡಿದ ಕೋಣೆಯೇ ನನ್ನ ಅಂಗಡಿ. ಚಿಕ್ಕವಳಿದ್ದಾಗ ಮಗಳು ಮಷೀನಿನ ಪಕ್ಕ ಕೂತು ಮಾತಾಡಿದ್ದೇ ಮಾತಾಡಿದ್ದು. ಯಾರ ಹಲ್ಲು ಬಿತ್ತು, ಯಾರು ಯಾರ ಜೊತೆ ಟೂ ಬಿಟ್ಟರು, ಎಲ್ಲ ವರದಿ ಒಪ್ಪಿಸುತ್ತಿದ್ದಳು. ಅವಳಪ್ಪ ಅವಳನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. "ಸ್ವಲ್ಪ ಬಾಯಿ ಮುಚ್ಚೇ, ಹೊಲಿಗೆ ತಪ್ಪುತ್ತೆ" ಎಂದು ಗದರುತ್ತಿದ್ದವಳು ನಾನೇ. ಈಗ ನಿಜವಾಗಿಯೂ ಬಾಯಿ ಮುಚ್ಚಿದ್ದಳು.

"ಸ್ಕೂಲಲ್ಲಿ ಏನಾಯ್ತೇ?" ಎಂದರೆ "ಏನಿಲ್ಲ." "ಊಟ ಸೇರ್ತಾ?" ಎಂದರೆ "ಹೂಂ." ಆಮೇಲೆ ಬಾಗಿಲು ಧಡ್. ಗಣಿತದಲ್ಲಿ ಅಂಕ ಬೇರೆ ಇಳಿದಿತ್ತು. ಇದರ ಮೇಲೆ ಒಂದು ಬೆಳಿಗ್ಗೆ ಗೋಡೆ ನೋಡಿಕೊಂಡು ಹೇಳಿದಳು, "ಹತ್ತನೇ ಕ್ಲಾಸು ನಾನು ದೊಡ್ಡಮ್ಮನ ಮನೇಲಿದ್ದು ಓದ್ತೀನಿ."

ದೊಡ್ಡಮ್ಮ ಎಂದರೆ ನನ್ನ ಅಕ್ಕ. ಬಸ್ಸಿನಲ್ಲಿ ಐದು ಗಂಟೆಯ ದಾರಿ. ಶಾಲೆ ಬದಲಿಸುವ ಅರ್ಜಿಯನ್ನೂ ತಂದಿಟ್ಟಿದ್ದಳು, ನನ್ನ ಸಹಿಯೊಂದೇ ಬಾಕಿ. ಸಹಿ ಹಾಕದೆ ಅದನ್ನು ಮಷೀನಿನ ಡ್ರಾಯರಿಗೆ ತುರುಕಿದೆ.

ಅದೇ ವಾರ ಅವಳ ಗಣಿತದ ಟೀಚರು ಕೋಟಿನ ತೋಳು ಗಿಡ್ಡ ಮಾಡಿಸಲು ಬಂದರು. ಅಳತೆ ತೆಗೆಯುತ್ತಿದ್ದಾಗ ಚೀಲದಿಂದ ಮಗಳ ನೋಟ್‌ಬುಕ್ ತೆಗೆದರು.

"ನೋಡಿ ಅಕ್ಕಾ, ಇಡೀ ಪುಸ್ತಕದಲ್ಲಿ ಒಂದು ತಪ್ಪೂ ಇಲ್ಲ."

ನಾನು ಬೀಗಿದೆ. "ಇರೋಕೆ ಬಿಟ್ರೆ ತಾನೇ? ಪಠ್ಯಪುಸ್ತಕದ ಕೊನೇಲಿರೋ ಉತ್ತರಗಳ ಜೊತೆ ಹೋಲಿಸಿ ನೋಡ್ತೀನಿ. ತಪ್ಪಿರೋ ಹಾಳೆ ಹರಿದು, ಮತ್ತೆ ಚೊಕ್ಕವಾಗಿ ಬರೆಸ್ತೀನಿ. ಸೊಟ್ಟ ಹೊಲಿಗೆ ಬಿಚ್ಚದೆ ಗಿರಾಕಿ ಕೈಗೆ ಕೊಡ್ತೀನಾ ನಾನು?"

ಟೀಚರು ನಗಲಿಲ್ಲ. "ಅವಳು ಗಿರಾಕಿಗೆ ಕೊಡೋ ಬಟ್ಟೆ ಅಲ್ಲ ಅಕ್ಕಾ. ಎಲ್ಲಿ ಎಡವ್ತಾಳೆ ಅಂತ ನನಗೆ ಕಾಣ್ತಿಲ್ಲ, ಅವಳಿಗೂ ಕಾಣ್ತಿಲ್ಲ. ಪರೀಕ್ಷೇಲಿ ಹೊಸ ಥರದ ಲೆಕ್ಕ ಬಂದ್ರೆ ಕೈಕಟ್ಟಿ ಕೂತ್ಬಿಡ್ತಾಳೆ."

"ಚಿಕ್ಕವಳಿದ್ದಾಗ ಹೀಗೇ ಕಲಿಸಿದ್ದು! ಮಗ್ಗಿ ಹೇಗೆ ಒಪ್ಪಿಸ್ತಿದ್ಲು ಗೊತ್ತಾ? ಈಗ ಏನು ಹೇಳಿದ್ರೂ 'ಯಾಕೆ' ಅಂತಾಳೆ. ಬರೀ ಎದುರುತ್ತರ. ಕೊಬ್ಬು, ಅಷ್ಟೇ."

"ಕೊಬ್ಬಲ್ಲ ಅಕ್ಕಾ, ಬೆಳವಣಿಗೆ. ಈ ವಯಸ್ಸಲ್ಲಿ ಮಿದುಳು ತನ್ನನ್ನೇ ಹೊಸದಾಗಿ ಜೋಡಿಸಿಕೊಳ್ಳುತ್ತೆ. ಬಳಸಿದ್ದು ಗಟ್ಟಿಯಾಗುತ್ತೆ, ಬಳಸದ್ದು ಸವೆದುಹೋಗುತ್ತೆ. ಕಣ್ಣಿಗೆ ಕಾಣದ್ದನ್ನೂ ಯೋಚಿಸೋ ಶಕ್ತಿ ಬರುತ್ತೆ, ಅದಕ್ಕೇ 'ಯಾಕೆ' ಅನ್ನೋದು. ಆದ್ರೆ ಸಿಟ್ಟು, ನಾಚಿಕೆ ಬೇಗ ಉಕ್ಕುತ್ತೆ. ಅದನ್ನ ತಡೆದು ಮುಂದೇನು ಅಂತ ನೋಡೋ ಭಾಗ ಪೂರ್ತಿ ಬೆಳೆಯೋಕೆ ಇಪ್ಪತ್ತೈದರ ಹತ್ರ ಹತ್ರ ಆಗುತ್ತೆ."

"ಇಪ್ಪತ್ತೈದಾ! ಅಲ್ಲೀವರೆಗೂ ನಮ್ಮನೆ ಬಾಗಿಲು ಉಳಿಯುತ್ತಾ?"

ಈಗ ಟೀಚರಿಗೂ ನಗು ಬಂತು.

"ಹಾಗಾದ್ರೆ ತಪ್ಪು ಮಾಡ್ಕೊಂಡಿರ್ಲಿ ಅಂತ ಬಿಟ್ಬಿಡ್ಲಾ?" ಎಂದೆ.

"ಬಿಡಬೇಡಿ. ತಿದ್ದೋ ಕೆಲಸ ಅವಳಿಗೇ ಕೊಡಿ. 'ಇದನ್ನ ಹೇಗೆ ಮಾಡ್ದೆ' ಅಂತ ಕೇಳಿ. ಹೇಳ್ತಾ ಹೇಳ್ತಾ ಅವಳೇ ತಪ್ಪು ಹಿಡೀತಾಳೆ. ಪುಸ್ತಕ ಮುಚ್ಚಿ, ಓದಿದ್ದನ್ನ ತನ್ನ ಮಾತಲ್ಲಿ ಹೇಳಲಿ. ಎಂಟೊಂಬತ್ತು ಗಂಟೆ ನಿದ್ದೆ ಮಾಡಲಿ, ಕಲಿತದ್ದು ತಲೇಲಿ ಕೂರೋಕೆ ನಿದ್ದೆ ಬೇಕೇ ಬೇಕು. ಇನ್ನೊಂದು, ನಾಲ್ಕು ಜನರ ಮುಂದೆ ಮಾತ್ರ ಬೈಬೇಡಿ. ಈ ವಯಸ್ಸಿಗೆ ಅದು ತುಂಬಾ ಚುಚ್ಚುತ್ತೆ."

ನಾನು ಅಳತೆಯ ಟೇಪು ಸುತ್ತತೊಡಗಿದೆ. ಒಂಬತ್ತನೇ ತರಗತಿ ಶುರುವಾದ ಹೊಸದರಲ್ಲಿ ಇಬ್ಬರು ಗಿರಾಕಿಗಳ ಮುಂದೆಯೇ ಅವಳ ಹಾಳೆ ಪರ್ರನೆ ಹರಿದಿದ್ದೆ. ಅವತ್ತಿನಿಂದ ಅವಳು ಅಂಗಡಿ ಕೋಣೆಗೆ ಕಾಲಿಟ್ಟಿರಲಿಲ್ಲ. ಕಾರಣ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು, ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. ಅವಳ ಮಾತಿಗೆ ಎಷ್ಟು ಹಂಬಲಿಸುತ್ತಿದ್ದೆನೆಂದರೆ, ಬೀದಿಯಲ್ಲಿ ಯಾರ ಮನೆಯ ಹುಡುಗಿಯಾದರೂ ಹರಟುತ್ತ ಹೋದರೆ ಮಷೀನು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದೆ.

ಮರುದಿನ ಸಂಜೆ ಅವಳು ಅಡುಗೆಮನೆಯ ಮೇಜಿನ ಮೇಲೆ ಲೆಕ್ಕ ಮಾಡುತ್ತಿದ್ದಳು. ಎದುರಿಗೆ ಹೋಗಿ ಕೂತೆ. ಕೂತ ಕೂಡಲೇ ಅಂಗೈಯಿಂದ ಹಾಳೆ ಮುಚ್ಚಿಕೊಂಡಳು.

"ಹರಿಯಲ್ಲ ಕಣೇ. ಇಷ್ಟು ದಿನ ಹರಿದಿದ್ದು ನನ್ನದೇ ತಪ್ಪು. ಇದನ್ನ ಹೇಗೆ ಮಾಡ್ದೆ, ನಂಗೂ ಹೇಳು."

"ನಿಂಗೆ ಅರ್ಥ ಆಗಲ್ಲ."

ನಾಲಿಗೆ ತುದಿಗೆ ಬಂದ ಬೈಗುಳ ನುಂಗಿಕೊಂಡೆ. "ಆಗಲ್ಲ. ಅದಕ್ಕೇ ಕೇಳ್ತಿರೋದು."

ಬಹಳ ಹೊತ್ತು ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ. ಅಷ್ಟು ಹೊತ್ತು ನಾನು ಬಾಯಿ ಕಟ್ಟಿಕೊಂಡು ಕೂತದ್ದು ಈ ಜನ್ಮದಲ್ಲಿ ಅದೇ ಮೊದಲು. ಕೊನೆಗೆ ಅಂಗೈ ಸರಿಸಿ ಒಂದೊಂದೇ ಸಾಲು ಹೇಳುತ್ತ ಬಂದಳು. ಮೂರನೇ ಸಾಲಿಗೆ ತಡೆದಳು.

"ಅಯ್ಯೋ, ಎರಡೂ ಕಡೆ ಕಳೀಬೇಕಿತ್ತು! ನಾನು ಒಂದೇ ಕಡೆ ಕಳೆದಿದೀನಿ!"

ತಪ್ಪನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದಳು. ಆಮೇಲೆ ತಲೆ ಎತ್ತದೆಯೇ, "ಅಮ್ಮ, ಇವತ್ತು ಕ್ಲಾಸಲ್ಲಿ ಏನಾಯ್ತು ಗೊತ್ತಾ?" ಎಂದಳು. ನನ್ನ ಕಣ್ಣು ತುಂಬಿ ಬಂತು. ಏನಾಯಿತೋ, ಮೊದಲ ನಾಲ್ಕು ಮಾತು ನನಗೆ ಕೇಳಿಸಲೇ ಇಲ್ಲ.

ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ಬಾಗಿಲು ಆಗಾಗ ಈಗಲೂ ಧಡ್ ಎನ್ನುತ್ತದೆ. ಆದರೆ ಅವಳಪ್ಪನೂ ಈಗ ಕೆಲಸದಿಂದ ಬಂದವರೇ ಅವಳ ಎದುರು ಕೂತು ವಿಜ್ಞಾನದ ಪಾಠ ಹೇಳಿಸಿಕೊಳ್ಳುತ್ತಾರೆ. ತಿಂಗಳ ನಂತರ ನಾನೇ ಆ ಅರ್ಜಿಯನ್ನು ಅವಳ ಮುಂದಿಟ್ಟೆ.

"ಹೋಗಲೇಬೇಕು ಅನ್ಸಿದ್ರೆ ಸಹಿ ಹಾಕ್ತೀನಿ. ಬಲವಂತ ಇಲ್ಲ."

ಯೋಚಿಸಿದಳು. "ಬೇಡ, ಇಲ್ಲೇ ಇರ್ತೀನಿ. ನೀನು ಮತ್ತೆ ಹಾಳೆ ಹರಿಯೋಕೆ ಶುರು ಹಚ್ಕೊಂಡ್ರೆ ಮಾತ್ರ ಹೊರಟೆ!"

ಇನ್ನು ಕೆಲವು ವರ್ಷಕ್ಕೆ ಹೆಚ್ಚಿನ ಓದಿಗೆಂದು ಎಲ್ಲಿಗಾದರೂ ಹೊರಟೇ ಹೊರಡುತ್ತಾಳೆ. ಆಗ ಈ ಸಂಜೆಗಳಿಗಾಗಿ ನನ್ನ ಜೀವ ಹಪಹಪಿಸುತ್ತದೆ, ಈಗಲೇ ಗೊತ್ತು.

ಅಮ್ಮಂದಿರೇ, ಅಪ್ಪಂದಿರೇ, ಹೈಸ್ಕೂಲಿನ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಇವತ್ತೇ ಅವರ ಎದುರು ಕೂತುಕೊಳ್ಳಿ. ಎಷ್ಟು ಅಂಕ ಬಂತು ಎಂದಲ್ಲ, ಹೇಗೆ ಯೋಚಿಸಿದೆ ಎಂದು ಕೇಳಿ. ಉತ್ತರ ನೀವೇ ಹೇಳಿಬಿಡಬೇಡಿ, ಕಾಯಿರಿ. ಮೊದಲ ದಿನ "ಏನಿಲ್ಲ" ಎಂದರೂ ಎದ್ದು ಹೋಗಬೇಡಿ. ನಾನು ಸುಮಾರು ಒಂದು ವರ್ಷ ಕಳೆದುಕೊಂಡೆ. ನೀವು ಇವತ್ತಿನ ಸಂಜೆಯನ್ನೂ ಕಳೆದುಕೊಳ್ಳಬೇಡಿ.